ಅಮೀನರ ಮೀಸೆಯೂ ಕೊನೆಯ ಹಾಳೆಯೂ

ಕೊನೆಯ ಹಾಳೆ ಈ ಸಲವೂ ಇರಲಿಲ್ಲ.

ಮದ್ದೂರಿನ ಸೈಕಲ್ ಶಾಪಿನಲ್ಲಿ ಮೂವರೂ ಆ ಪತ್ತೇದಾರಿ ಕಾದಂಬರಿಯನ್ನು ಹೆಣದಂತೆ ನಡುವೆ ಮಲಗಿಸಿಕೊಂಡು ಕೂತರು. ಪತ್ತೇದಾರ ಎಲ್ಲರನ್ನೂ ದಿವಾನಖಾನೆಗೆ ಕರೆಸಿ, ಬೆರಳೆತ್ತಿ, ‘ಕೊಲೆಗಾರ ಬೇರೆ ಯಾರೂ ಅಲ್ಲ’ ಎನ್ನುತ್ತಾನೆ. ಅಷ್ಟೇ. ಆಮೇಲೆ ಹೊಲಿಗೆಯ ದಾರ, ರಟ್ಟು. ಸತತವಾಗಿ ಇದು ಮೂರನೆಯ ಪುಸ್ತಕ.

ಯುದ್ಧದ ಕಾಲ. ಇಂಗ್ಲೆಂಡಿನ ಪಾರ್ಲಿಮೆಂಟಿಗೂ ಇಲ್ಲದಷ್ಟು ಕಟ್ಟಳೆ ಈ ಮೂವರ ಕೂಟಕ್ಕಿತ್ತು. ಪುಸ್ತಕ ತರಿಸುವವರು ಮಂಡ್ಯದ ಸ್ಕೂಲಿನ ಮೇಡಂ ಕಾಮಾಕ್ಷಮ್ಮ. ಅವರು ಓದಿದ ಮೇಲೆ ಅದು ಬಸ್ಸಿನಲ್ಲಿ ಮದ್ದೂರಿಗೆ, ಸೈಕಲ್ ಶಾಪಿನ ಕರಿಸಿದ್ದಯ್ಯನಿಗೆ ಬರುತ್ತಿತ್ತು. ಅಲ್ಲಿಂದ ಅದೇ ಬಸ್ಸಿನಲ್ಲಿ ಮಳವಳ್ಳಿಯ ರಾಮಲಿಂಗಯ್ಯನವರಿಗೆ. ಕೊನೆಯ ಹಾಳೆಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಭಾನುವಾರ ಸೇರಿ, ಕೊಲೆಗಾರನ ಹೆಸರು ಹೇಳಿ, ಆಮೇಲೆ ಗಟ್ಟಿಯಾಗಿ ಓದಬೇಕು.

ರಾಮಲಿಂಗಯ್ಯನವರು ಕೋರ್ಟಿನ ನಿವೃತ್ತ ಅಮೀನರು. ಜಪ್ತಿ ಮಾಡಿ ಮಾಡಿ ಅವರ ಮೂಗಿಗೆ ಸುಳ್ಳಿನ ವಾಸನೆ ಮೂರು ತಾಲ್ಲೂಕು ಆಚೆಯಿಂದಲೇ ಬಡಿಯುತ್ತಿತ್ತು. ಇನ್ನು ಮೀಸೆ! ಬಲತುದಿ ಮದ್ದೂರು ತಲುಪಿದ ಮೇಲೆ ಎಡತುದಿ ಮಳವಳ್ಳಿ ಬಿಡುತ್ತಿತ್ತು. ಹೊಸ ಪ್ರಕಾಶಕರೊಬ್ಬರ ಪತ್ತೇದಾರಿ ಮಾಲೆ ಶುರುವಾದಾಗ ಅವರು ಆ ಮೀಸೆಯ ಮೇಲೆ ಕೈಯಿಟ್ಟು ಘೋಷಿಸಿದ್ದರು: “ನಾನು ಹೇಳಿದವನೇ ಕೊಲೆಗಾರ. ಒಂದು ಸಲ ತಪ್ಪಲಿ, ಇದನ್ನು ಬೋಳಿಸುತ್ತೇನೆ.”

ಹಾಳೆಗಳು ಕಾಣೆಯಾಗತೊಡಗಿದ್ದು ಅಂದಿನಿಂದಲೇ.

“ಮೂರರಲ್ಲಿ ಇದೇ ಮೇಲು,” ಎಂದರು ಕಾಮಾಕ್ಷಮ್ಮ. “ವಿಷ ಹಾಲಲ್ಲಿಲ್ಲ, ಲೋಟದ ಅಂಚಿನಲ್ಲಿದೆ! ಯಾರಿಗೆ ಹೊಳೀಬೇಕು?”

“ಏನ್ ಮೇಲವ್ವಾ? ಹೆಣ ಬೀಳಾಕೇ ನಲವತ್ತು ಪುಟ ಬೇಕಾ? ಅಷ್ಟೊತ್ಗೆ ನಾನು ನಾಕು ಪಂಚರ್ ಹಾಕ್ತೀನಿ,” ಎಂದ ಕರಿಸಿದ್ದಯ್ಯ, ಪಂಪು ಒತ್ತುತ್ತ.

“ಡಾಕ್ಟರೇ ಕೊಂದದ್ದು,” ಎಂದರು ಅಮೀನರು. “ಸಂಶಯವೇ ಇಲ್ಲ.”

“ಇರಾಕಿಲ್ಲ ಬುಡಿ. ಸಂಸಯ ತೀರ್ಸೋ ಆಳೇನೇ ಇಲ್ವಲ್ಲ! ನಿಮ್ ಕೈ ಸೇರಿದ್ಮ್ಯಾಲೇ ಅದ್ಯಾಕೆ ಮಾಯ ಆಯ್ತದೆ ಅಮೀನ್ರೇ?”

ಅಮೀನರ ಮೀಸೆ ಅದುರಿತು. ಅಂಗಡಿಯ ಟೈರುಗಳೂ ಅದುರಿದವು. “ನಿನ್ನ ಕೈಗೆ ಬಂದಾಗ ಇತ್ತೇನೋ?”

“ರಟ್ಟಿನ ತಾವ್ಕೇ ಓಗ್ಬ್ಯಾಡ ಅಂದೋರು ನೀವು. ನಾನು ಓಗ್ಲಿಲ್ಲ.”

“ನಾನು ಕಳಿಸುವಾಗ ಖಂಡಿತ ಇತ್ತು,” ಎಂದರು ಕಾಮಾಕ್ಷಮ್ಮ. “ಹಾಳೆಯ ಹಿಂಬದಿಯಲ್ಲಿ ವೀಣೆ ಹಿಡಿದ ಶಾರದೆಯ ಚಿತ್ರ. ಈ ಮಾಲೆಯ ಗುರುತೇ ಅದು. ಕಣ್ಣಿಗೊತ್ತಿಕೊಂಡೇ ಕಳಿಸಿದ್ದು.”

ಕರಿಸಿದ್ದಯ್ಯ ಅಮೀನರತ್ತ ತಿರುಗಿ ತೀರ್ಪು ಕೊಟ್ಟ: “ಮುಂದಿನ ಪುಸ್ತಕಕ್ಕೂ ಆಳೆ ಇಲ್ದಿದ್ರೆ ನೀವೇ ಕಳ್ಳ ಅಂತ ಲೆಕ್ಕ. ಕ್ಷೌರದ ಕತ್ತಿ ನಾನೇ ಮಸೆದಿಟ್ಟಿರ್ತೀನಿ.”

ಅಮೀನರಿಗೆ ಊಟ ಸೇರಲಿಲ್ಲ. ಯಾರನ್ನು ನಂಬುವುದು? ಮೇಡಮ್ಮನವರನ್ನೇ? ಪಂಪು ಒತ್ತುತ್ತ ಹಲ್ಲು ಕಿಸಿದ ಆ ಕರಿಸಿದ್ದಯ್ಯನನ್ನೇ? ಅವರಿಗೆ ಪೂರ್ತಿ ನಂಬಿಕೆಯಿದ್ದದ್ದು ಬಸ್ಸಿನ ಡ್ರೈವರ್ ಕರೀಮನ ಮೇಲೆ ಮಾತ್ರ. ಏಕೆಂದರೆ ಅವನಿಗೆ ಕನ್ನಡ ಓದಲು ಬಾರದು. ಪುಸ್ತಕ ಇಡುವ ಜಾಗವನ್ನೂ ಅಮೀನರೇ ಗೊತ್ತುಮಾಡಿದ್ದರು: ಡ್ರೈವರ್ ಸೀಟಿನ ಮೆತ್ತೆಯ ಕೆಳಗೆ. ಪೆಟ್ರೋಲಿಗೆ ಬರ ಬಂದು ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಬೇರೆಲ್ಲಿಟ್ಟರೂ ಮಸಿ, ಅಲ್ಲಿಟ್ಟರೆ ಮಸಿಯಿಲ್ಲ, ಕರೀಮನದೇ ಕಾವಲು.

ನಾಲ್ಕನೆಯ ಪುಸ್ತಕ ಹೊರಡುವ ಬೆಳಿಗ್ಗೆ ಅಮೀನರು ಮಂಡ್ಯದಲ್ಲಿ ಕಂಬಳಿ ಹೊದ್ದು, ಮೀಸೆಯನ್ನು ಕಷ್ಟಪಟ್ಟು ಒಳಕ್ಕೆ ಮಡಚಿ, ಹಿಂದಿನ ಸೀಟಿನಲ್ಲಿ ಮುದುರಿದರು. ಕಾಮಾಕ್ಷಮ್ಮ ಬಂದು ಪುಸ್ತಕ ಕೊಟ್ಟು ಹೋದರು. ಹಾಳೆ ಇತ್ತು, ಅವರು ಕಣ್ಣಿಗೊತ್ತಿಕೊಂಡದ್ದು ಕಂಬಳಿಯ ಸಂದಿನಿಂದ ಕಂಡಿತು.

ಕರೀಂ ಅತ್ತ ನೋಡಿದ. ಇತ್ತ ನೋಡಿದ. ಕೈಗಳನ್ನು ಬಟ್ಟೆಗೆ ಉಜ್ಜಿ ಉಜ್ಜಿ ಒರೆಸಿಕೊಂಡ.

ಬೆರಳಚ್ಚು ಬೀಳಬಾರದೆಂದು! ಅಮೀನರು ಕಂಬಳಿಯ ಸಂದನ್ನು ಇನ್ನಷ್ಟು ಅಗಲಿಸಿದರು. ಇಂಥ ಪಳಗಿದ ಕಳ್ಳನನ್ನು ಯಾವ ಕಾದಂಬರಿಯಲ್ಲೂ ಅವರು ಕಂಡಿರಲಿಲ್ಲ.

ಕರೀಂ ಪುಸ್ತಕವನ್ನು ಹಿಂದಿನಿಂದ ತೆರೆದ. ಕೊನೆಯ ಹಾಳೆಯನ್ನು ನವಿರಾಗಿ, ಒಂದು ಎಳೆಯೂ ಸೀಳದಂತೆ ಬಿಡಿಸಿದ. ಕನ್ನಡಿಯ ಮೇಲೆ, ತನ್ನ ದರ್ಗಾದ ಹಸಿರು ಬಟ್ಟೆಯ ಗಂಟು ಕಟ್ಟಿದ್ದಲ್ಲಿ, ಅದನ್ನು ಮಡಚಿ ಸಿಕ್ಕಿಸಿದ. ಉಳಿದ ಪುಸ್ತಕವನ್ನು ಮೆತ್ತೆಯ ಕೆಳಗೆ ತಳ್ಳಿ, ಮೇಲೆ ಕೂತು, ಬಸ್ಸು ಬಿಟ್ಟ.

ಅಮೀನರು ಮದ್ದೂರಿನವರೆಗೂ ಉಸಿರಾಡಲಿಲ್ಲ. ಸೈಕಲ್ ಶಾಪಿನ ಮುಂದೆ ಬಸ್ಸು ನಿಂತದ್ದೇ ತಡ, ಕಂಬಳಿ ಕಿತ್ತೆಸೆದು ಗರ್ಜಿಸಿದರು. ಶಿಂಷಾ ಹೊಳೆ ಆ ಗರ್ಜನೆಗೆ ಗಳಿಗೆ ಹೊತ್ತು ನಿಂತು ಹರಿಯಿತಂತೆ.

“ಸಿಕ್ಕಿದ ಕಳ್ಳ! ಕರಿಸಿದ್ದಯ್ಯ, ಬಾರೋ! ಆ ಹಸಿರು ಗಂಟಿನ ಹಿಂದೆ ನೋಡು!”

ನಾಲ್ಕೂ ಹಾಳೆಗಳು ಅಲ್ಲಿದ್ದವು. ಕರಿಸಿದ್ದಯ್ಯ ಅಲ್ಲೇ ನಿಂತು ಮೂರನ್ನು ಓದಿದ. ಲೋಟದ ಅಂಚಿಗೆ ವಿಷ ಸವರಿದ್ದು ಡಾಕ್ಟರಲ್ಲ, ಅಡುಗೆಯವಳು. ಅದರ ಹಿಂದಿನದರಲ್ಲಿ ಅಮೀನರು ಹೇಳಿದ್ದ ಸೋದರಳಿಯನಲ್ಲ, ವಕೀಲ. ಮೊದಲನೆಯದರಲ್ಲಂತೂ ಕೊಲೆಯೇ ಆಗಿರಲಿಲ್ಲ.

“ಮೂರಕ್ಕೆ ಮೂರೂ ತಪ್ಪು ಕಣ್ರೀ ಅಮೀನ್ರೇ! ಕತ್ತಿ ತರ್ಲಾ?”

ಅಮೀನರ ಕೈ ತಾನಾಗಿಯೇ ಮೀಸೆ ಮುಚ್ಚಿತು. “ಅದಿರಲಿ! ಮೊದಲು ಇವನನ್ನು ಕೇಳು!”

ಕರಿಸಿದ್ದಯ್ಯ ತಿರುಗಿದ. “ಲೇ ಕರೀಂ, ಓದಾಕ್ ಬರ್ದೇ ಇರೋನ್ಗೆ ಕೊನೆ ಆಳೆ ಯಾಕ್ಲಾ?”

ಕರೀಂ ಗಾಬರಿಯಿಂದ ಇಬ್ಬರ ಮುಖ ನೋಡಿದ. ಒಂದು ಹಾಳೆಯನ್ನು ತಿರುಗಿಸಿ ಚಿತ್ರ ತೋರಿಸಿದ; ಆಮೇಲೆ ತನ್ನ ಸೀಟಿನ ಮೆತ್ತೆ ಎತ್ತಿ ತೋರಿಸಿದ.

“ನೀವು ಕೈಮುಗಿಯೋ ತಾಯಿ ಕುಂತವ್ಳೆ ಸ್ವಾಮಿ. ಆಯಮ್ಮನ್ ಮ್ಯಾಲೆ ನಾನೆಂಗೆ ಕುಂತ್ಕಳ್ಳಿ?”