ಬಾವಿಯ ಫಲಕ

ಪಂಚಾಯಿತಿ ಸದಸ್ಯೆ ದುರುಗವ್ವ ಬೋರ್ಡು ಬರೆಯುವ ಗುರುಬಸಪ್ಪನ ಅಂಗಡಿಗೆ ಬಂದು, ಊರ ಬಾವಿಗೆ ಫಲಕ ಬೇಕೆಂದಳು. ಪೇಟೆಯಿಂದ ತರಿಸಿ ನೆಟ್ಟಿದ್ದ ಮೂರು ಫಲಕಗಳನ್ನು ಯಾರೋ ಕಿತ್ತು ಬಿಸಾಡಿದ್ದರು.

“ಫ್ಲೆಕ್ಸ್ ಹಾಕಿಸ್ರಿ,” ಎಂದ ಗುರುಬಸಪ್ಪ.

“ಹರೀತಾರ.”

“ಹಂಗಾರ ತಗಡು?”

“ಬಗ್ಗಸ್ತಾರ. ಸಾಗವಾನಿ ಹಲಗಿ ತಗೀರಿ. ಅಕ್ಷರ ಕೆತ್ತಿ, ಮ್ಯಾಲೆ ಎರಡು ಕೈ ವಾರ್ನಿಶ್ ಹೊಡೀರಿ.”

ಬರೆಯಬೇಕಾದ ಮಾತು ಕೇಳಿ ಅವನ ಕೈ ನಿಂತಿತು: ‘ಈ ಬಾವಿಯ ನೀರು ಎಲ್ಲ ಜಾತಿಯವರಿಗೂ ಸೇರಿದ್ದು.’

“ಪಂಚಾಯಿತಿ ಠರಾವು ಐತ್ರಿ,” ಎಂದಳು ದುರುಗವ್ವ.

ಮೂರು ದಿನ ಅವಳು ಬಂದು ಅವನ ಎದುರಿಗೇ ಕುಳಿತಳು. ಹಲಗೆಯನ್ನು ಉಜ್ಜುವಾಗ ಮುಖ ಗಂಟಿಕ್ಕಿಕೊಂಡಿದ್ದವನು, ವಾರ್ನಿಶ್ ಒಣಗಿದ ಮೇಲೆ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದ್ದನ್ನು ಅವಳು ನೋಡಿದಳು.

“ಎಷ್ಟು ಚಂದ ಮಾಡಿದ್ರೂ ಇದನ್ನೂ ಕೀಳ್ತಾರ, ದುರುಗವ್ವ,” ಎಂದ ಅವನು, ತಲೆ ಎತ್ತದೆ.

ದುರುಗವ್ವ ಫಲಕವನ್ನು ಹೆಗಲಿಗೇರಿಸಿಕೊಂಡಳು.

“ಆ ಮೂರೂ ಕಿತ್ತಾವ್ರು ನೀವಽ ಅಂತ ನನಗ ಗೊತ್ತೈತ್ರಿ. ನಿಮ್ಮ ಕೈಲೆ ಕೆತ್ತಿದ್ದನ್ನ ಹೆಂಗ ಕೀಳ್ತೀರಿ, ನೋಡೂಣು.”