ಬಾಗಿಲ ಈಚೆ

"ಅಮ್ಮ, ಈ ಬಾಗಿಲಿಗೆ ಒಳಗಡೆ ಚಿಲಕಾನೇ ಇಲ್ವಲ್ಲ?"

ಶಿವಮೂರ್ತಿಯವರ ಕೋಣೆಯಿಂದ ಕಾವ್ಯ ಕೇಳಿದಳು. ಅಡುಗೆಮನೆಯಲ್ಲಿದ್ದ ಸರ್ವಮಂಗಳಮ್ಮ ಕೇಳಿಸದವರಂತೆ ಅವರೆಕಾಯಿ ಸುಲಿಯುತ್ತಾ ಕೂತರು. ಗಂಡ ತೀರಿಕೊಂಡು ತಿಂಗಳಾಗುವುದರೊಳಗೇ ಬಡಗಿಯನ್ನು ಕರೆಸಿ ಚಿಲಕ ಕೀಳಿಸಿದ್ದು ಅವರೇ.

ಕಾವ್ಯ ತುಮಕೂರಿನಲ್ಲಿ ಕಾಲೇಜು ಮೇಡಂ. ಕಾದಂಬರಿಕಾರ ಶಿವಮೂರ್ತಿಯವರ ಜೀವನಚರಿತ್ರೆ ಬರೆಯುತ್ತಿದ್ದಾಳೆ. ಅದೂ ಎಲ್ಲರಂತಲ್ಲ, ತಾನೇ ಶಿವಮೂರ್ತಿಯಾಗಿ, ಪುಟಪುಟಕ್ಕೂ 'ನಾನು' 'ನಾನು' ಎಂದು. ಅದಕ್ಕಾಗಿ ಅವರು ಹುಟ್ಟಿದ ಕುಣಿಗಲ್ಲಿನ ಮನೆಯ ಜಗುಲಿಯಲ್ಲಿ ಕೂತು ಬಂದಿದ್ದಾಳೆ, ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಅವರು ಕುಡಿಯುತ್ತಿದ್ದ ಕಡೆಯೇ ಟೀ ಕುಡಿದಿದ್ದಾಳೆ. ಉಳಿದಿರುವುದು ಒಂದೇ ಅಧ್ಯಾಯ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ಇದೇ ಕೋಣೆಯ ಬಾಗಿಲು ಹಾಕಿಕೊಂಡು ಆತ್ಮಹತ್ಯೆ ಮಾಡಿಕೊಂಡದ್ದು. ಅದನ್ನು ಇಲ್ಲೇ ಕೂತು ಬರೆಯಬೇಕೆಂದು ಬೆಳಗ್ಗೆ ಬಸ್ಸಿಳಿದಿದ್ದಳು.

"ಹೋಗ್ಲಿ ಬಿಡಿ. ಒಂದೆರಡು ಗಂಟೆ ಯಾರೂ ಡಿಸ್ಟರ್ಬ್ ಮಾಡ್ದಂಗೆ ನೋಡ್ಕೊಳ್ಳಿ ಅಮ್ಮ," ಎಂದು ಬಾಗಿಲು ಮುಂದಕ್ಕೆಳೆದುಕೊಂಡಳು.

ಸರ್ವಮಂಗಳಮ್ಮನ ಕೈ ನಿಂತುಬಿಟ್ಟಿತು. ಈ ಪಾಠವನ್ನು ಅವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ಆ ಬಾಗಿಲು ಮುಚ್ಚಿತೆಂದರೆ ಯಜಮಾನರು ಬರೆಯುತ್ತಿದ್ದಾರೆ, ತುಟಿ ಪಿಟಕ್ಕೆನ್ನಬಾರದು. ಮಿಕ್ಸಿ ಹಾಕುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ, ಬಂದ ನೆಂಟರೂ ಪಿಸುಗುಟ್ಟಿ ಎದ್ದುಹೋಗಬೇಕು. ದೊಡ್ಡ ಸಾಹಿತಿಯ ಹೆಂಡತಿ ಎಂದು ಬೀದಿಯವರೆಲ್ಲ ಹೊಗಳಿ ಅಟ್ಟಕ್ಕೇರಿಸಿದ್ದರು. ಅಟ್ಟದ ಮೇಲೆ ಅವರೊಬ್ಬರೇ. ಕೊನೆಕೊನೆಗೆ ಒಂದು ಸಾಲೂ ಮೂಡದೆ, ನಿದ್ದೆಗೆಟ್ಟು ಕೊರಗುತ್ತಿದ್ದ ಗಂಡ ಆ ಮಧ್ಯಾಹ್ನ ಕೋಣೆ ಸೇರಿದಾಗ, ಸದ್ಯ ಬರೆಯಲು ಕೂತರಲ್ಲ ಎಂದು ಹಿಗ್ಗಿದ್ದರು. ಊಟಕ್ಕೂ ಕರೆಯದೆ ದೀಪ ಹಚ್ಚುವ ಹೊತ್ತಿನವರೆಗೂ ಕಾದಿದ್ದರು.

ಈಗಲೂ ಒಳಗೆ ಸದ್ದಿಲ್ಲ. ಎದ್ದು ಹೋಗಿ ಬಾಗಿಲು ತಳ್ಳಿದರು.

"ಕಾಫಿ ಕುಡೀತೀಯೇನಮ್ಮ?"

"ಬೇಡಮ್ಮ."

ಸ್ವಲ್ಪ ಹೊತ್ತಿಗೆ ಮತ್ತೆ ತಳ್ಳಿದರು. "ಫ್ಯಾನ್ ಹಾಕ್ಲಾ?"

ಬೇಡವೆಂದು ಕಾವ್ಯ ತಲೆಯಾಡಿಸಿದಳು. ಮೂರನೆಯ ಸಲ ಬಾಗಿಲು ಕಿರ್ರೆಂದಾಗ ಪೆನ್ನು ಕೆಳಗಿಟ್ಟು ತಿರುಗಿದಳು.

"ಹಿಂಗೆ ಬರ್ತಾ ಇದ್ರೆ ನಾನು ಅವ್ರಾಗೋದು ಹೆಂಗಮ್ಮ? ಅವತ್ತಿನ ಅವ್ರ ಒಂಟಿತನ ನಂಗೆ ಗೊತ್ತಾಗ್ಬೇಕು. ಬಾಗಿಲಾಚೆ ಯಾರೂ ಇಲ್ಲ ಅನ್ನಿಸ್ಬೇಕು."

"ನಾನಿದ್ನಲ್ಲಮ್ಮ," ಎಂದರು ಸರ್ವಮಂಗಳಮ್ಮ. "ಆಚೆ ನಾನಿದ್ದೆ. ಸದ್ದು ಮಾಡ್ಬಾರ್ದು ಅಂತ ಸುಮ್ನಿದ್ದೆ."



ಸರ್ವಮಂಗಳಮ್ಮ ಅವರೆಕಾಯಿಯ ಪುಟ್ಟಿಯನ್ನೂ ಸ್ಟೀಲ್ ತಟ್ಟೆಯನ್ನೂ ತಂದರು. ಹೊಸ್ತಿಲ ಮೇಲೆ ಕೂರಬಾರದೆಂದು ಊರಿಗೆಲ್ಲ ಹೇಳುತ್ತಿದ್ದವರು, ಬಾಗಿಲು ಮುಚ್ಚಲಾಗದಂತೆ ಹೊಸ್ತಿಲ ಮೇಲೇ ಕೂತರು. ತಟ್ಟೆಗೆ ಕಾಳು ಟಣಟಣ ಬೀಳತೊಡಗಿತು.

"ನೀನು ಬರಿ, ಬೇಡ ಅನ್ನಲ್ಲ," ಎಂದರು. "ನಾನು ಇಲ್ಲೇ ಕೂತು ಏನಾದ್ರೂ ಮಾತಾಡ್ತಿರ್ತೀನಿ. ಉತ್ತರ ಕೊಡ್ಬೇಡ. ಆಗಾಗ ಒಂದ್ಸಲ ಹ್ಞೂಂ ಅನ್ನು ಕಣಮ್ಮ, ಸಾಕು."