ಅವ್ವನ ಫೋಲ್ಡರಿಗೆ ಬೀಗ

ಜುಲೈ ಒಂದರಂದು, ಬೆಳಿಗ್ಗೆ ಹತ್ತೂಕಾಲಿಗೆ, ಅಜ್ಮತ್ ಮತ್ತೆ ಅವಳ ಫೋಲ್ಡರ್ ತೆರೆದಿದ್ದ.

ಬೇರೆ ಯಾರೋ ಒಳಹೊಕ್ಕ ಗುರುತು ಕಂಡು ತರಿಸಿಕೊಂಡಿದ್ದ ದಾಖಲೆಯ ಹಾಳೆಯನ್ನು ರೇವತಿ ಮೂರನೇ ಸಲ ಓದಿದಳು. ಕಳೆದ ಅಕ್ಟೋಬರಿನಿಂದ ಪ್ರತಿ ತಿಂಗಳ ಒಂದನೇ ತಾರೀಖು. ನಲವತ್ತು ಫೈಲು, ಒಂದಾದ ಮೇಲೊಂದು. ಒಂದೊಂದಕ್ಕೆ ಒಂದೇ ಸೆಕೆಂಡು.

ಕೆ.ಆರ್. ಪುರದ ಆ ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರಿಗೂ ಸೇರಿ ಒಂದೇ ದೊಡ್ಡ ಕಂಪ್ಯೂಟರ್. ಅದರೊಳಗೆ ಪ್ರತಿಯೊಬ್ಬರಿಗೂ ಸ್ವಂತದ್ದೊಂದು ಹೋಮ್ ಫೋಲ್ಡರ್; ಬೀಗ ಹಾಕದಿದ್ದರೆ ಬೇರೆಯವರೂ ತೆರೆಯಬಹುದು. ಅದನ್ನೆಲ್ಲ ನೋಡಿಕೊಳ್ಳುವ ಮಧುಕರ್, ಅವಳು ಸೇರಿದ ದಿನವೇ ಹೇಳಿದ್ದರು: "ಹೋಮ್‌ನಲ್ಲಿ ಜಾಗ ಕಮ್ಮಿ ಮೇಡಂ. ನಿಮ್ಮ ರೆಕಾರ್ಡಿಂಗ್ ಎಲ್ಲ ಪಕ್ಕದ ಡಿಸ್ಕ್‌ಗೆ ಹಾಕಿದೀನಿ. ನಿಮಗೆ ಹೋಮ್‌ನಲ್ಲೇ ಇದ್ದಂಗೆ ಕಾಣುತ್ತೆ. ರೂಲ್ಸ್ ಬಾಗಿಲಿಗೆ ಅಂಟಿಸಿದೀನಿ, ಓದ್ಕೊಳ್ಳಿ."

ಕಂಡರೆ ಸಾಕಾಗಿತ್ತು. ಅವಳು ಓದಿರಲಿಲ್ಲ.

ಕಲ್ಯಾಣ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಾತು ಅವಳ ಸಂಶೋಧನೆಯ ವಿಷಯ. ಆದರೆ ಆ ನಲವತ್ತು ಫೈಲುಗಳಲ್ಲಿ ಇದ್ದವಳು ಒಬ್ಬಳೇ, ಅವ್ವ ಯಂಕಮ್ಮ. ಹೊರಮಾವಿನ ತಗಡಿನ ಶೆಡ್ಡಿನಲ್ಲಿ ಕೂತು ಹಾಡಿ, ನಡುವೆ ಕೆಮ್ಮಿ, "ಕೆಮ್ಮಿದ್ದು ಅಳಸವಾ" ಎಂದು ನಕ್ಕವಳು. ಕಳೆದ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಆ ದನಿಗೆ ಇನ್ನೊಂದು ಪ್ರತಿ ಇಲ್ಲ.

ಅಂದಿನಿಂದ ರೇವತಿಗೆ ಒಂದು ಫೈಲನ್ನೂ ತೆರೆಯಲಾಗಿರಲಿಲ್ಲ. ಪಕ್ಕದ ಮೇಜಿನ ಅಜ್ಮತ್‌ಗೆ ಚಹಾ ಕುಡಿಯುವಾಗ ಒಮ್ಮೆ ಹಾಗೆಂದು ಹೇಳಿಯೂ ಇದ್ದಳು.

"ಒಂದ್ಸಲಾನೂ ಮುಟ್ಟಿಲ್ವಾ?" ಎಂದು ಅವನು ಎರಡೆರಡು ಬಾರಿ ಕೇಳಿದ್ದ. ತಾನು ಆ ಕಡೆ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಕೇಳಿದ್ದ ಎಂದು ಈಗ ಅಂದುಕೊಂಡಳು.

ಮಧುಕರ್ ಕೋಣೆಯಲ್ಲಿ ಅಜ್ಮತ್ ನಿಂತೇ ಇದ್ದ.

"ಕಾಪಿ ಮಾಡ್ಕೊಂಡ್ಯಾ?" ಎಂದರು ಮಧುಕರ್.

"ಇಲ್ಲ ಸರ್. ಕೇಳೂ ಇಲ್ಲ."

"ಮತ್ತೆ ತೆರೆದಿದ್ದು ಯಾಕೆ?"

ಅವನು ಬಾಗಿಲ ಕಡೆ ನೋಡಿದ. "ಇಲ್ಲಿ ಹೇಳಕ್ಕಾಗಲ್ಲ ಸರ್."

"ಹತ್ತು ಸಲ ತೆರೆಯಕ್ಕಾಗುತ್ತೆ, ಹೇಳಕ್ಕಾಗಲ್ವಾ?" ಎಂದಳು ರೇವತಿ. "ಸತ್ತೋರ ದನಿ ಅದು."

ಅವನ ಖಾತೆ ಮುಚ್ಚಿದರು. ಅವನ ಪ್ರಬಂಧವೂ ಅದರೊಳಗೇ ಉಳಿಯಿತು. ರೇವತಿ ಅಂದೇ ತನ್ನ ಫೋಲ್ಡರಿಗೆ ಬೀಗ ಹಾಕಿದಳು. ಇನ್ನು ಅವಳ ಹೊರತು ಯಾರೂ ಅದನ್ನು ತೆರೆಯಲಾರರು.

ಸಂಜೆ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದಲ್ಲಿ ಅವನು ಹತ್ತಿರ ಬಂದ. "ರೇವತಿಯವ್ರೇ, ಇನ್ಮೇಲೆ ನೀವಾದ್ರೂ ಆಗಾಗ ತೆಗೀತಾ ಇರಿ."

"ನಮ್ಮವ್ವನ ಮಾತು ಯಾವಾಗ ಕೇಳ್ಬೇಕು ಅಂತ ನೀನು ಹೇಳ್ಕೊಡ್ಬೇಡ."

ಅವನು ಇನ್ನೂ ಏನೋ ಹೇಳುತ್ತಿದ್ದ. ಅವಳು ಎದುರಿಗೆ ನಿಂತ ಬಸ್ಸು ಹತ್ತಿದಳು. ಅದು ತಾನಿರುವ ಲಿಂಗರಾಜಪುರಕ್ಕೆ ಹೋಗುವುದಲ್ಲ ಎಂದು ಆಮೇಲೆ ಗೊತ್ತಾಯಿತು. ಕೂತಲ್ಲೇ ಅವನ ನಂಬರನ್ನು ಬ್ಲಾಕ್ ಮಾಡಿದಳು.

ಆಗಸ್ಟ್ ಮೂವತ್ತೊಂದಕ್ಕೆ ಅಪ್ಪ ಭಗವಂತರಾಯ ಫೋನ್ ಮಾಡಿದ. "ನಾಳಿಗಿ ನಿಮ್ಮವ್ವುಂದು ವರ್ಷದ್ದು ಅದ. ಆಕಿ ದನಿ ಒಮ್ಮಿ ಕೇಳಸ್ತಿಯೇನವಾ?"

ಅವಳು ಬೀಗ ತೆಗೆದಳು. ಫೋಲ್ಡರ್ ಖಾಲಿ.

"ಅಜ್ಮತ್ ಅಳಿಸಿದಾನೆ," ಎನ್ನುತ್ತ ಮಧುಕರ್ ಕೋಣೆಗೆ ನುಗ್ಗಿದಳು.

"ಅವನ ಖಾತೆ ಮುಚ್ಚಿ ಎರಡು ತಿಂಗಳಾಯ್ತಲ್ಲ ಮೇಡಂ." ಮಧುಕರ್ ಬಾಗಿಲಿನ ಹಾಳೆ ತೋರಿಸಿದರು. "ಪಕ್ಕದ ಡಿಸ್ಕ್‌ನಲ್ಲಿ ಅರವತ್ತು ದಿನ ಯಾರೂ ತೆರೆಯದೇ ಇರೋ ಫೈಲು ತಾನಾಗೇ ಅಳಿದುಹೋಗುತ್ತೆ. ಉಳಿಸ್ಕೊಳ್ಳಕ್ಕೆ ಅಂತಾನೇ ಸುಮ್ನೆ ತೆರೆದು ಮುಚ್ಚೋದು ಗೊತ್ತಾದ್ರೆ ಅವತ್ತೇ ನಾವೇ ಅಳಿಸ್ತೀವಿ. ನೀವು ವರ್ಷದಿಂದ ಮುಟ್ಟಿಲ್ಲ ಅಂತೀರಾ. ಹಾಗಿದ್ರೆ ಇಷ್ಟು ದಿನ ಹೆಂಗೆ..."



ರೇವತಿಯ ಚೀಲದಲ್ಲಿ ಜುಲೈನ ಆ ದಾಖಲೆಯ ಹಾಳೆ ಇನ್ನೂ ಇತ್ತು: ಪ್ರತಿ ತಿಂಗಳ ಒಂದನೇ ತಾರೀಖು, ನಲವತ್ತು ಫೈಲು, ಒಂದೊಂದಕ್ಕೆ ಒಂದೇ ಸೆಕೆಂಡು.